ಹಲ್ಲಿಯಲ್ಲಿ ಅಜ್ಜಿ

ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವೆ ಸಂದಿ ಇದೆ, ಜೋಪಾನ, ಅಂತ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಚೀನೀ ಮಾತಿನಲ್ಲಿ, ಮಲಯದಲ್ಲಿ, ತಮಿಳಿನಲ್ಲಿ — ಹಾಂ, ಅಲ್ಲಿ ಬಂತು ಒಂದು ಳ, ಎಣ್ಣೆಯಲ್ಲಿ ಮಗುಚಿಕೊಂಡ ಬೋಂಡಾದ ಹಾಗೆ ದುಂಡಗೆ, ಶ್ರೀವಿದ್ಯಾಳ ಕಿವಿ ನಿಮಿರಿತು, ಈಚೆಗೆ ಯಾರು ಏನು ಮಾತಾಡಿದರೂ ಅವಳ ಕಿವಿ ಹೆಕ್ಕಿಕೊಳ್ಳುವುದು ಅದೊಂದೇ ಅಕ್ಷರವನ್ನು, ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ, ಅಥವಾ ಕಲ್ಲಿನಲ್ಲಿ ಅಕ್ಕಿಯೋ, ಯಾವುದು ಕಲ್ಲು ಯಾವುದು ಅಕ್ಕಿ ಅನ್ನುವುದೇ ಅಲ್ಲವೇ ಈ ಬೆಳಗಿನ ಜಗಳ, ಬಾಗಿಲು ಮುಚ್ಚಿತು, ಪುಂಗೋಲ್ ಸ್ಟೇಷನ್ನು ಹಿಂದೆ ಸರಿಯಿತು, ಕಿಟಕಿಯಾಚೆ ಸುರಂಗದ ಕತ್ತಲು, ಗಾಜಿನಲ್ಲಿ ಅವಳ ಮುಖ, ಪಕ್ಕದಲ್ಲಿ ಎಂಟು ವರ್ಷದ ಮಗಳು ಧೃತಿಯ ಮುಖ, ಎರಡು ಜಡೆ, ಬಿಗಿದ ತುಟಿ, ದೀಪಾವಳಿಯಿಂದೀಚೆಗೆ ಈ ಹುಡುಗಿಯ ಬಾಯಿಂದ ಕನ್ನಡದ ಒಂದು ಮಾತೂ ಹೊರಬಿದ್ದಿಲ್ಲ. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಎರಡು ಪುಸ್ತಕ, ಒಂದು ಅವಳೇ ಬರೆದು, ಬಣ್ಣ ಹಾಕಿ, ಹೊಲಿದು, ರಟ್ಟು ಕಟ್ಟಿದ್ದು, ಹೆಸರು ಹಲ್ಲಿಯಲ್ಲಿ ಅಜ್ಜಿ, ಇನ್ನೊಂದು ಅದನ್ನೇ ಕನ್ನಡ ಕ್ಲಾಸು ನಡೆಸುವ ದ್ವಾರಕನಾಥ್ ಅಂಕಲ್ ತಿದ್ದಿ, ಪ್ರಿಂಟು ತೆಗೆಸಿ, ಪಿನ್ನು ಹೊಡೆದು ಕಳಿಸಿದ್ದು, ಹೆಸರು ಹಳ್ಳಿಯಲ್ಲಿ ಅಜ್ಜಿ, ಇನ್ನು ಅರ್ಧ ಗಂಟೆಗೆ ಸೆರಂಗೂನಿನ ಒಂದು ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ, ಶನಿವಾರದ ಕನ್ನಡ ಕ್ಲಾಸಿನ ಮಕ್ಕಳೆದುರು, ಎರಡರಲ್ಲಿ ಒಂದನ್ನು ಅವಳು ಓದಬೇಕು, ಅಂಕಲ್ ತಿದ್ದಿದ್ದನ್ನು ಓದಿದರೆ ಸೋಮವಾರ ಅದು ಪ್ರೆಸ್ಸಿಗೆ ಹೋಗುತ್ತದೆ, ಕ್ಲಾಸಿನ ಪ್ರತಿ ಮಗುವಿನ ಕೈಗೂ ಒಂದು, ಮುಖಪುಟದ ಮೇಲೆ ಶ್ರೀವಿದ್ಯಾ ಅಂತ ದಪ್ಪಕ್ಷರದಲ್ಲಿ, ಅವಳ ಮೊಟ್ಟಮೊದಲ ಅಚ್ಚಾದ ಪುಸ್ತಕ, ತನ್ನದನ್ನೇ ಓದಿದರೆ ಅಚ್ಚೂ ಇಲ್ಲ ಗಿಚ್ಚೂ ಇಲ್ಲ.

ಒಂದಕ್ಷರ ತಾನೇ ಶ್ರೀ, ಬಿಟ್ಟುಕೊಡು, ಅಂದಿದ್ದ ಗಂಡ ಕಶ್ಯಪ್ ಬೆಳಿಗ್ಗೆ, ಬ್ಯಾಂಕಿನ ಲ್ಯಾಪ್‌ಟಾಪ್ ಮುಂದೆ ಕೂತು ಇಡ್ಲಿ ತಿನ್ನುತ್ತಾ, ಇದೊಂದು ಕಾಂಪ್ರಮೈಸ್ ಮಾಡ್ಕೊ, ಬುಕ್ ಬರುತ್ತೆ, ನೆಕ್ಸ್ಟ್ ಬುಕ್‌ನಲ್ಲಿ ನಿಂಗೆ ಬೇಕಾದ್ದು ಬರೀ, ಅವನದೂ ತಪ್ಪಲ್ಲ, ಅವನಿಗೆ ಅವಳ ಪುಸ್ತಕ ಬರಬೇಕು ಅನ್ನುವುದೇ ಮುಖ್ಯ, ಯಾವ ಪುಸ್ತಕ ಅನ್ನುವುದು ಆಮೇಲಿನ ಮಾತು, ಅವಳು ಚಟ್ನಿ ಹಾಕಿದಳು. ಒಂದಕ್ಷರ! ಆ ಅಕ್ಷರದ ಚಿತ್ರ ಕ್ಲಾಸಿನ ಗೋಡೆಯ ಮೇಲೆ ನೇತಾಡುತ್ತದೆ, ಅಂಕಲ್ ತಾವೇ ಬರೆದ ಚಾರ್ಟು, ಹಲಸಿನ ಹಣ್ಣು ಹೆಚ್ಚಿದ ಹಾಗೆ ಸರಿಯಾಗಿ ನಡುವೆ ಸೀಳಿದ ಒಂದು ತಲೆ, ಮೂಗಿನ ಕೊಳವೆ, ಹಲ್ಲಿನ ಸಾಲು, ಅಂಗುಳ, ಬಾಯಿಯ ಗವಿಯೊಳಗೆ ಹಿಂದಕ್ಕೆ ಮಡಚಿ ಮೇಲೆದ್ದ ನಾಲಿಗೆ, ನಾಲಿಗೆಯ ತುದಿಗೆ ಕೆಂಪು ಬಾಣ, ಕೆಳಗೆ ಕೊಬ್ಬರಿ ಹೋಳಿನಷ್ಟು ದೊಡ್ಡದಾಗಿ ಒಂದು ಳ — ದೀಪಾವಳಿ ಕಳೆದ ಶನಿವಾರದ ಪಾಠದ ಪ್ರಶ್ನೆ ನಿಮ್ಮ ಅಜ್ಜಿ ಎಲ್ಲಿದ್ದಾರೆ, ಪುಸ್ತಕದ ಉತ್ತರ ನಮ್ಮ ಅಜ್ಜಿ ಹಳ್ಳಿಯಲ್ಲಿ ಇದ್ದಾರೆ, ಸಾಲಾಗಿ ಒಬ್ಬೊಬ್ಬರೇ ಎದ್ದು ಹೇಳುತ್ತಾ ಬಂದರು, ನೀಲ್‌ನ ಅಜ್ಜಿ ಇರುವುದು ಬೆಂಗಳೂರಿನ ಜಯನಗರದಲ್ಲಿ, ಇಶಿತಾಳ ಅಜ್ಜಿ ವರ್ಷದಲ್ಲಿ ಅರ್ಧ ಇಲ್ಲೇ ಇದ್ದು ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ಕಾಫಿಗೆ ಸಕ್ಕರೆ ಜಾಸ್ತಿ ಅಂತ ದಿನಾ ಜಗಳವಾಡುತ್ತಾರೆ, ಆದರೂ ಅವತ್ತು ಎಲ್ಲರ ಅಜ್ಜಿಯರೂ ಗಂಟುಮೂಟೆ ಕಟ್ಟಿಕೊಂಡು ಹಳ್ಳಿಗೆ ಹೊರಟಿದ್ದರು, ಧೃತಿಯ ಸರದಿ ಬಂತು, ಎದ್ದು ನಿಂತಳು, ಎದೆಯುಬ್ಬಿಸಿ, ನಮ್ಮ ಅಜ್ಜಿ ಹಲ್ಲಿಯಲ್ಲಿ ಇದ್ದಾರೆ.

ಹೋ ಎಂದು ನಕ್ಕರು, ಮಕ್ಕಳು ನಕ್ಕರೆ ನಗಲಿ, ಮಕ್ಕಳು ನಗುವುದು ನ್ಯಾಯ, ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಅಮ್ಮಂದಿರೂ ನಕ್ಕರು, ಇಶಿತಾಳ ಅಪ್ಪ ಪ್ರಕಾಶ ಅಂತೂ ಪಾಪ ಹಲ್ಲಿಗೆ ಅಜೀರ್ಣ ಆಗಿರಬೇಕು ಕಣ್ರೀ ಅಂದ, ಆ ಮಾತಿಗೆ ಇನ್ನೊಂದು ಸುತ್ತು ನಗು, ನಗದೆ ಇದ್ದವರು ದ್ವಾರಕನಾಥ್ ಅಂಕಲ್ ಒಬ್ಬರೇ, ಅದನ್ನು ಹೇಳಲೇಬೇಕು, ನಲವತ್ತು ವರ್ಷ ಇಂಜಿನಿಯರಿಂಗ್ ಪಾಠ ಹೇಳಿ ನಿವೃತ್ತರಾದ ಮನುಷ್ಯ, ಕೂಲಿಯಿಲ್ಲದೆ ಪ್ರತಿ ಶನಿವಾರ ಈ ಊರಿನ ಮೂಲೆಮೂಲೆಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾರೆ, ಅವರಿಗೆ ಸಿಟ್ಟು ಗೊತ್ತಿಲ್ಲ, ಬಾ ಪುಟ್ಟೀ ಅಂತ ಮೆತ್ತಗೆ ಕರೆದು ಚಾರ್ಟಿನ ಕೆಳಗೆ ನಿಲ್ಲಿಸಿಕೊಂಡರು, ನಾಲಿಗೆ ಮಡಚು, ಹಿಂದಕ್ಕೆ, ಇನ್ನೂ ಹಿಂದಕ್ಕೆ, ಹಳ್ಳಿ, ಹಲ್ಲಿ ಅಂದಳು ಧೃತಿ, ಅಲ್ಲಮ್ಮ ಹಳ್ಳಿ, ಹಲ್ಲಿ, ನೋಡು ನನ್ನ ಬಾಯಿ ನೋಡು, ಹಲ್ಲಿ, ಹಲ್ಲಿ, ಕೊನೆಕೊನೆಗೆ ದನಿಯೇ ಇಲ್ಲ, ಬರೀ ನಾಲಿಗೆ ಬಾಯೊಳಗೆ ಎದ್ದು ಬಿದ್ದು ಎದ್ದು ಬಿದ್ದು, ಮನೆಗೆ ಬಂದಮೇಲೂ ಬಾತ್‌ರೂಮಿನ ಕನ್ನಡಿ ಮುಂದೆ ಸ್ಟೂಲು ಹತ್ತಿ ಬಾಯಿ ಅಗಲಿಸಿ ತನ್ನ ನಾಲಿಗೆಯನ್ನು ತಾನೇ ನೋಡಿಕೊಳ್ಳುತ್ತಾ ನಿಂತಿದ್ದಳು, ಎಳೆಗೆಂಪು, ತುದಿ ನಡುಗುತ್ತಿತ್ತು, ಬಾಗಿಲ ಸಂದಿಯಲ್ಲಿ ಶ್ರೀವಿದ್ಯಾಗೆ ಕಂಡದ್ದು ಅಷ್ಟೇ, ಅವತ್ತಿನಿಂದ ಹಸಿವಾ ಅಂದರೆ ಯಾ, ಸಾರು ಹಾಕಲಾ ಅಂದರೆ ಕ್ಯಾನ್, ಅಜ್ಜಿ ಫೋನಿನಲ್ಲಿದ್ದಾರೆ ಬಾ ಅಂದರೆ ಲೇಟರ್ ಲಾ ಅಮ್ಮಾ.

ಬುವಾಂಗ್‌ಕಾಕ್, ಬಾಗಿಲು ತೆರೆದು ಮುಚ್ಚಿತು, ಬಾಗಿಲಿಗೆ ಯಾರೋ ಅಂಟಿಸಿದ್ದ ಜಾಹೀರಾತಿನ ಮೂಲೆ ಎದ್ದು ಬಂದಿದೆ, ಅವಳ ಬೆರಳು ತನಗೆ ತಾನೇ ಅತ್ತ ಹೋಗುತ್ತದೆ, ಹಳೆ ಚಾಳಿ, ಟುವಾಸ್‌ನ ಕಾರ್ಖಾನೆಯ ಲ್ಯಾಬಿನಲ್ಲಿ ಅವಳು ಮಾಡುತ್ತಿದ್ದ ಕೆಲಸವೇ ಅದು, ಮೈಸೂರಿನಲ್ಲಿ ಫಿಸಿಕ್ಸ್ ಎಂಎಸ್ಸಿ ಓದಿ ಬಂದವಳು ಇಡೀ ದಿನ ಅಂಟುಪಟ್ಟಿಗಳನ್ನು ಕೀಳುತ್ತಿದ್ದಳು, ಕೀಳಲು ಎಷ್ಟು ಬಲ ಬೇಕು ಅಂತ ಯಂತ್ರ ಗೆರೆ ಎಳೆಯುತ್ತಿತ್ತು, ಪಟ್ಟಿ ಕಿತ್ತು ಬಂದ ಕೂಡಲೇ ಎಲ್ಲರೂ ಅಂಟು ಸರಿಯಿಲ್ಲ ಅಂದುಬಿಡುತ್ತಾರೆ, ಹಾಗಲ್ಲ, ಕಿತ್ತ ಜಾಗವನ್ನು ಭೂತಗನ್ನಡಿಯಲ್ಲಿ ನೋಡಬೇಕು, ಎಷ್ಟೋ ಸಲ ಅಂಟು ಗಟ್ಟಿಯಾಗಿಯೇ ಕೂತಿರುತ್ತದೆ, ಹರಿದಿರುವುದು ಕಾಗದ, ತಪ್ಪು ಎಳೆದವನ ಕೈಯದು, ತಪ್ಪು ಕೋನದಲ್ಲಿ ಎಳೆದಿರುತ್ತಾನೆ, ಈ ಮಗುವಿನ ನಾಲಿಗೆಯಿಂದ ಕನ್ನಡ ಕಿತ್ತು ಬಂದದ್ದೂ ಅಂಟಿಲ್ಲದೆ ಅಲ್ಲ. ಮಕ್ಕಳ ಚಿತ್ರಪುಸ್ತಕ ಬರೀತೀನಿ ಅಂತ ಆ ಕೆಲಸ ಬಿಟ್ಟಾಗ ಎಷ್ಟು ಮಾತು, ಪಾಟ್‌ಲಕ್ ಊಟಗಳಲ್ಲಿ ಪ್ರಕಾಶನಿಗೆ ಅವಳೇ ಉಪ್ಪಿನಕಾಯಿ, ಏನ್ ಮೇಡಂ, ಹನ್ನೆರಡು ಲೈನ್ ಬರೆಯೋಕೆ ಒಂದ್ ವರ್ಷನಾ, ನಾವು ಮೀಟಿಂಗ್‌ನಲ್ಲಿ ಕೂತೇ ಬರೆದುಬಿಡ್ತೀವಲ್ರೀ, ಬರೆಯಿರಿ ಪ್ರಕಾಶ್, ಬರೆದು ಒಂದು ಮಗುವಿನ ಮುಂದೆ ಓದಿ, ಎರಡನೇ ಪುಟಕ್ಕೆ ಅದು ಎದ್ದು ಹೋಗುತ್ತೆ, ಆಗ ಗೊತ್ತಾಗುತ್ತೆ — ಎಂದು ಅವಳು ಅಂದದ್ದೂ ಉಂಟು, ಚಿತ್ರಪುಸ್ತಕವೆಂದರೆ ಒಂದೇ ದೊಡ್ಡ ಹಾಳೆ, ಮಡಚಿ ಮಡಚಿ ಮೂವತ್ತೆರಡು ಪುಟ, ಅದಕ್ಕಿಂತ ಒಂದು ಪುಟ ಹೆಚ್ಚಿಲ್ಲ ಕಡಿಮೆಯಿಲ್ಲ, ಅದರೊಳಗೆ ಪ್ರಪಂಚ ಹಿಡಿಯಬೇಕು, ಮಾತು ಹೇಳಿದ್ದನ್ನು ಚಿತ್ರ ಹೇಳಬಾರದು, ಚಿತ್ರ ಹೇಳಿದ್ದನ್ನು ಮಾತು ಹೇಳಬಾರದು, ಪುಟ ತಿರುಗಿಸುವ ಆ ಗಳಿಗೆಯಲ್ಲಿ ಮಗು ಉಸಿರು ಬಿಗಿಹಿಡಿಯಬೇಕು, ಆ ಉಸಿರಿಗಾಗಿ ವರ್ಷವಲ್ಲ, ಎರಡು ವರ್ಷ ಹೋದರೂ ಹೋಗಲಿ.

ಹಲ್ಲಿ ಸಿಕ್ಕಿದ್ದು ಪುಸ್ತಕದ ಶೆಲ್ಫಿನ ಹಿಂದೆ, ಕನ್ನಡಿಯ ಆ ಸಂಜೆಯೇ, ಮನೆಯ ಮೂರು ಶೆಲ್ಫುಗಳೂ ಮೂರು ಜಾತಿ, ಖಾಲಿ ಮಾಡಿಕೊಂಡು ಹೋಗುವವರು ಕಟ್ಟಡದ ಕೆಳಗಿನ ಬಯಲು ಜಾಗ, ವಾಯ್ಡ್ ಡೆಕ್‌ನಲ್ಲಿ ಬಿಟ್ಟು ಹೋದವನ್ನು ಒಂದೊಂದಾಗಿ ಲಿಫ್ಟಿನಲ್ಲಿ ಹತ್ತಿಸಿ ತಂದದ್ದು, ಒಂದು ಬೀಟೆ ಬಣ್ಣ, ಒಂದು ಬಿಳಿ, ಒಂದಕ್ಕೆ ಕಾಲು ಮೋಟು, ಕೆಳಗೆ ರಟ್ಟು ಕೊಟ್ಟು ನಿಲ್ಲಿಸಿದೆ, ಇದು ಮನೆನೋ ಗುಜರಿನೋ ಅಂತ ಕಶ್ಯಪ್ ಗೊಣಗಿದ, ಆಮೇಲೆ ತಾನೇ ಸ್ಕ್ರೂ ಬಿಗಿದ, ಮೇಲಿನ ಸಾಲುಗಳು ದೊಡ್ಡವರವು, ಕೆಳಗಿನ ಸಾಲು ಧೃತಿಯ ಕೈಗೆ ಎಟುಕುವಂತೆ ಚಿತ್ರಪುಸ್ತಕಗಳಿಗೆ, ನಡುವಿನ ಸಾಲಿನಲ್ಲಿ ಶ್ರೀವಿದ್ಯಾ ತಾನೇ ಕಟ್ಟಿದ ಖಾಲಿ ಪುಸ್ತಕಗಳು, ಒಂದೊಂದು ಕಥೆಗೆ ಒಂದೊಂದು, ಹಾಳೆ ಮಡಚಿ, ದಬ್ಬಣದಲ್ಲಿ ತೂತು ಕೊರೆದು, ಮೇಣ ಸವರಿದ ದಾರದಲ್ಲಿ ಹೊಲಿದು, ರಟ್ಟಿನ ಮೇಲೆ ಮೈದಾ ಅಂಟಿನಲ್ಲಿ ಬಟ್ಟೆ ಕೂರಿಸಿದ್ದು, ಬಟ್ಟೆ ಯಾವುದು ಅಂದರೆ ಬ್ಲೌಸ್ ಪೀಸು, ವರಮಹಾಲಕ್ಷ್ಮಿಗೆ, ಗೊಂಬೆ ಹಬ್ಬಕ್ಕೆ, ಗೃಹಪ್ರವೇಶಕ್ಕೆ ತಾಂಬೂಲದ ಜೊತೆ ಕೊಡುತ್ತಾರಲ್ಲ, ಯಾರೂ ಎಂದೂ ಹೊಲಿಸಿಕೊಳ್ಳದ ಬ್ಲೌಸ್ ಪೀಸುಗಳು, ಪುಂಗೋಲಿಂದ ಸೆರಂಗೂನಿಗೆ, ಅಲ್ಲಿಂದ ಇನ್ನೆಲ್ಲಿಗೋ ತಿರುಗಿ ಕೊಟ್ಟವರ ಮನೆಗೇ ವಾಪಸು ಬರುವಂಥವು, ಆ ತಿರುಗಾಟಕ್ಕೆ ಅವಳ ಮನೆಯಲ್ಲಿ ಮುಕ್ತಿ, ಒಂದು ಸಲ ಅಂಕಲ್‌ರ ಹೆಂಡತಿ ಕೌಸಲ್ಯಾ ಆಂಟಿ ಶೆಲ್ಫಿನ ಮುಂದೆ ನಿಂತು ಕಣ್ಣರಳಿಸಿ, ಅಯ್ಯೋ ಇದು ನಾನು ಕೊಟ್ಟ ಗಿಣಿಹಸಿರು ಅಲ್ವೇನೇ, ಪುಸ್ತಕಕ್ಕೆ ಹಾಕಿಬಿಟ್ಟೆಯಾ, ಹೌದು ಆಂಟಿ, ಅಳತೆಗೆ ಸರಿಯಾಗಿ ಕೂತಿದೆ, ತೋಳೂ ಬಿಗಿಯಿಲ್ಲ, ಅಂದಿದ್ದಳು. ಆ ಸಂಜೆ ಧೃತಿ ಮುಖ ಗೋಡೆಗೆ ಮಾಡಿ ಕೂತಿದ್ದಾಗ ಶೆಲ್ಫಿನ ಹಿಂದಿಂದ ಲೊಚಲೊಚ ಅಂತು, ಹಲ್ಲಿ ಹೊರಗೆ ಬಂತು, ಟ್ಯೂಬ್‌ಲೈಟಿನ ಪಕ್ಕ ತಲೆಕೆಳಗಾಗಿ ನಿಂತಿತು, ಬೆಳಕಿಗೆ ಹೊಟ್ಟೆ ಪಾರದರ್ಶಕ, ಒಳಗೆ ಎರಡು ಮೊಟ್ಟೆ ಬಿಳಿಯಾಗಿ ಕಾಣುತ್ತಿದ್ದವು, ಕಾಲಲ್ಲಿ ಅಂಟೆಂಬುದೇ ಇಲ್ಲ ಈ ಪ್ರಾಣಿಗೆ, ಬರೀ ಕೂದಲಿಗಿಂತ ಸಣ್ಣ ಕೂದಲು, ಗೋಡೆಗೆ ತೀರಾ ಹತ್ತಿರ ಹೋಗುವ ಧೈರ್ಯ ಒಂದೇ ಅದರ ಅಂಟು, ಅವಳು ಅದನ್ನೇ ನೋಡಿದಳು, ಮೊಟ್ಟೆಯಿರುವ ಜಾಗದಲ್ಲಿ ಅಜ್ಜಿ ಕೂತಿದ್ದರೆ, ಕಾಲು ಚಾಚಿಕೊಂಡು, ಫಿಲ್ಟರ್ ಕಾಫಿ ಬಸಿಯುತ್ತಾ — ಗಿಣಿಹಸಿರಿನ ಖಾಲಿ ಪುಸ್ತಕವನ್ನು ಎಳೆದುಕೊಂಡಳು, ಧೃತಿಯ ಮುಂದೆಯೇ ನೆಲದ ಮೇಲೆ ಕೂತು ಬರೆದಳು, ನನ್ನ ಅಜ್ಜಿ ಹಲ್ಲಿಯಲ್ಲಿದ್ದಾಳೆ.

ಗೋಡೆಗೆ ಮುಖ ಮಾಡಿದವಳು ಒಂದು ಕಣ್ಣನ್ನು ಮಾತ್ರ ಈ ಕಡೆ ತಂದಳು, ವೇರ್ ಇಸ್ ದ ಕಿಚನ್, ಅಂದಳು, ಇಂಗ್ಲಿಷಿನಲ್ಲೇ ಅನ್ನು, ಪರವಾಗಿಲ್ಲ, ಕೇಳಿದ್ದು ಒಳ್ಳೆ ಪ್ರಶ್ನೆ, ಅಡುಗೆಮನೆ ಬಾಲದಲ್ಲಿ ಅಂದಳು ಶ್ರೀವಿದ್ಯಾ, ಅಲ್ಲಿಂದ ಕಥೆ ತಾನೇ ನಡೆಯಿತು, ಅಜ್ಜಿಗೆ ಲಿಫ್ಟು ಬೇಡ, ಹೊರಗೋಡೆ ಹತ್ತಿ ಹದಿನಾರನೇ ಮಹಡಿಗೆ ಹೋಗುತ್ತಾಳೆ, ಎಲ್ಲ ಮನೆಗಳ ಸೀಲಿಂಗಿನಿಂದಲೂ ತಲೆಕೆಳಗಾಗಿ ಎಲ್ಲರ ಊಟ ನೋಡುತ್ತಾಳೆ, ಒಂದು ದಿನ ಬೆಕ್ಕು ಬಂದು ಬಾಲ ತುಂಡಾಗಿ ಅಡುಗೆಮನೆಯೇ ಕಳಚಿ ಬೀಳುತ್ತದೆ, ಅಜ್ಜಿ ಹಾಕರ್ ಸೆಂಟರಿನಲ್ಲಿ ಸಾಲು ನಿಲ್ಲುತ್ತಾಳೆ, ಹೊಸ ಬಾಲ ಬೆಳೆಯುತ್ತದೆ, ಹಳೆಯದರ ಹಾಗಿರುವುದಿಲ್ಲ, ಮೋಟು, ಬಣ್ಣ ಬೇರೆ, ಒಳಗೆ ಮೂಳೆಯ ಬದಲು ಮೃದ್ವಸ್ಥಿ, ಅದು ನಿಜ, ಹಲ್ಲಿಯ ಬಾಲ ಮರಳಿ ಬಂದರೂ ಅದೇ ಬಾಲವಾಗಿ ಬರುವುದಿಲ್ಲ, ಅಜ್ಜಿ ಆ ಮೋಟು ಅಡುಗೆಮನೆಯಲ್ಲೇ ಒಲೆ ಹಚ್ಚುತ್ತಾಳೆ. ಬೆಂಗಳೂರಿನ ಪ್ರಕಾಶಕರೊಬ್ಬರು ಚೆನ್ನಾಗಿದೆ ಮೇಡಂ, ಆದ್ರೆ ಈ ಹಾಕರ್ ಸೆಂಟರ್ ಎಲ್ಲ ನಮ್ಮ ಮಕ್ಕಳಿಗೆ ಗೊತ್ತಾಗಲ್ಲ ಅಂದರು, ಇಲ್ಲಿಯವರೊಬ್ಬರು ಲವ್ಲಿ, ಬಟ್ ಕನ್ನಡ ಯಾರು ಓದ್ತಾರೆ, ಬರೀ ಇಂಗ್ಲಿಷಿನಲ್ಲಿ ಕೊಡಿ ಅಂದರು, ಇಂಗ್ಲಿಷಿನಲ್ಲಿ ಹಲ್ಲಿಗೂ ಹಳ್ಳಿಗೂ ಏನು ಸಂಬಂಧ, ಸಂಬಂಧವೇ ಇಲ್ಲದ ಮೇಲೆ ಅಜ್ಜಿ ಅದರೊಳಗೆ ಹೋಗುವುದು ಹೇಗೆ, ಕೊನೆಗೆ ಅಂಕಲ್ ಕ್ಲಾಸಿನಿಂದಲೇ ಪ್ರಿಂಟ್ ಮಾಡ್ಸೋಣಮ್ಮ ಅಂದಾಗ ಅವಳ ಕಣ್ಣು ತುಂಬಿತ್ತು, ತಿದ್ದಿದ ಪ್ರತಿ ಬಂದದ್ದು ಆಮೇಲೆ.

ಹೌಗಾಂಗ್, ಕೋವನ್, ಇನ್ನೊಂದೇ ಸ್ಟೇಷನ್ನು, ಅವಳು ಚೀಲದಿಂದ ಆ ಪಿನ್ನು ಹೊಡೆದ ಪ್ರತಿ ತೆಗೆದು ಮತ್ತೊಮ್ಮೆ ತಿರುವುತ್ತಾಳೆ, ಎಷ್ಟು ಅಚ್ಚುಕಟ್ಟು, ಒಂದು ಅಲ್ಪವಿರಾಮ ಆಚೀಚೆಯಿಲ್ಲ, ನನ್ನ ಅಜ್ಜಿ ಹಳ್ಳಿಯಲ್ಲಿದ್ದಾಳೆ, ಹಳ್ಳಿಯಲ್ಲಿ ಹಸುವಿದೆ, ಹಳ್ಳಿಯಲ್ಲಿ ಹಳ್ಳವಿದೆ, ಹಳ್ಳದ ಬಳಿ ಕೊಳವಿದೆ, ಸಾಲಿಗೆ ಎರಡಾದರೂ ಳ, ನಾಲಿಗೆಗೆ ಕಸರತ್ತು, ಚಿತ್ರಗಳ ಜಾಗದಲ್ಲಿ ಖಾಲಿ ಚೌಕ, ಚೌಕದೊಳಗೆ ಎತ್ತಿನ ಗಾಡಿ ಬರೆಯಿರಿ ಅಂತ ಅಂಕಲ್‌ರ ಮುತ್ತಿನಂಥ ಅಕ್ಷರ, ತಪ್ಪನ್ನು ಮುದ್ದು ಮಾಡಬಾರದು ಶ್ರೀವಿದ್ಯಾ, ಮುದ್ದು ಮಾಡಿದ್ರೆ ಅದೇ ಅಭ್ಯಾಸ ಆಗುತ್ತೆ, ಲ ಳ ಹೋಯ್ತು ಅಂದ್ರೆ ಕನ್ನಡ ಹೋದ ಹಾಗೇ ಅಂತ ಫೋನಿನಲ್ಲಿ ಅಂದರು, ಪಕ್ಕದಲ್ಲಿದ್ದ ಕೌಸಲ್ಯಾ ಆಂಟಿ, ಗಂಡನ ಫೋನಿಗೆ ಬಾಯಿ ಹಾಕಿ, ಅದೂ ಅಲ್ದೆ ಹಲ್ಲಿ ಮೈಮೇಲೆ ಬಿದ್ರೆ ಪಂಚಾಂಗ ನೋಡ್ತೀವಿ, ಮಕ್ಕಳ ಪುಸ್ತಕಕ್ಕೆ ಅದೇ ಬೇಕಿತ್ತೇನೇ, ಮೊಲ ಹಾಕು, ಮೊಲದಲ್ಲಿ ಅಜ್ಜಿ ಅಂತಲಾ ಆಂಟಿ, ಥೂ ಹೋಗೇ. ತಪ್ಪು ಯಾವುದು, ಅದನ್ನೇ ಅವಳು ಲ್ಯಾಬಿನ ಭೂತಗನ್ನಡಿ ಹಿಡಿದು ನೋಡುತ್ತಾ ಬಂದಿದ್ದಾಳೆ, ಅಕ್ಷರವೋ ವಾಕ್ಯವೋ, ಧೃತಿಯ ಅಜ್ಜಿ ಅಂದರೆ ತನ್ನ ಅಮ್ಮ, ಇರುವುದು ಮೈಸೂರಿನ ಸರಸ್ವತೀಪುರಂ, ಮೂರನೇ ಮಹಡಿಯ ಫ್ಲ್ಯಾಟು, ಬೆಳಿಗ್ಗೆ ಯೋಗ, ಸಂಜೆ ಕೇರಂ, ಕೊಟ್ಟಿಗೆ ಕಂಡರೆ ಮೂಗು ಮುಚ್ಚುತ್ತಾರೆ, ಹಳ್ಳಿಯಲ್ಲಿ ಅಜ್ಜಿ ಅನ್ನುವುದು ಅಕ್ಷರ ಶುದ್ಧ, ಮಾತು ಸುಳ್ಳು, ಹಲ್ಲಿಯಲ್ಲಿ ಅಜ್ಜಿ ಅನ್ನುವುದೂ ಸುಳ್ಳೇ, ಆದರೆ ಅದಕ್ಕೆ ತಾನು ಸುಳ್ಳೆಂದು ಗೊತ್ತು, ಗೊತ್ತಿದ್ದೇ ಕಣ್ಣು ಮಿಟುಕಿಸುತ್ತದೆ, ಅಮ್ಮನಿಗೆ ಹೇಳಿದಾಗ ಅಮ್ಮ ಕೇರಂ ಆಟ ನಿಲ್ಲಿಸಿ ನಕ್ಕಿದ್ದೇ ನಕ್ಕಿದ್ದು, ಲೇ, ನನ್ನನ್ನ ಹಲ್ಲಿ ಹೊಟ್ಟೆಗೆ ಹಾಕಿದೀಯಂತೆ, ಹಾಕು, ನಿಮ್ಮನೆ ಗೋಡೆ ಮೇಲಾದ್ರೂ ಇರ್ತೀನಲ್ಲ.

ವಿಚ್ ಒನ್ ಯು ರೀಡಿಂಗ್, ಅಂತು ಪಕ್ಕದಿಂದ, ಧೃತಿ ಅವಳ ಮಡಿಲಿನತ್ತ ನೋಡುತ್ತಿಲ್ಲ, ಬಾಗಿಲಿನ ಮೇಲೆ ಸ್ಟೇಷನ್ನು ತೋರಿಸುವ ದೀಪಗಳ ಸಾಲನ್ನು ನೋಡುತ್ತಿದ್ದಾಳೆ, ಅಂಕಲ್ಸ್ ಒನ್ ಆರ್ ಅವರ್ ಒನ್, ಅವರ್ ಅಂದಳಲ್ಲ, ನಮ್ಮದು ಅಂದಳಲ್ಲ, ಶ್ರೀವಿದ್ಯಾ ಏನೋ ಹೇಳಲು ಹೋದಳು, ನಿಂಗೆ ಯಾವುದು ಇಷ್ಟ, ಅಷ್ಟೇ ಬಂತು, ಧೃತಿ ಭುಜ ಹಾರಿಸಿದಳು, ನೆವರ್ ಮೈಂಡ್ ಲಾ, ಯು ರೀಡ್ ಅಂಕಲ್ಸ್ ಒನ್, ಬುಕ್ ವಿಲ್ ಕಮ್, ಯುವರ್ ನೇಮ್ ವಿಲ್ ಕಮ್, ಐ ಆಲ್ಸೋ ನಾಟ್ ಆಂಗ್ರಿ, ಎಷ್ಟು ದೊಡ್ಡವಳ ಹಾಗೆ ಹೇಳುತ್ತಾಳೆ, ಅಪ್ಪನ ಹಾಗೆ, ತನ್ನ ಪಾಲಿನದನ್ನು ತಟ್ಟೆಯ ಅಂಚಿಗೆ ಸರಿಸಿದ ಹಾಗೆ, ಈ ಎಂಟು ವರ್ಷದ ಹುಡುಗಿಗೆ ಕಾಂಪ್ರಮೈಸ್ ಕಲಿಸಿದವರು ಯಾರು, ನಾವೇ, ಎಲ್ಲರೂ ಸೇರಿ, ಶ್ರೀವಿದ್ಯಾಳ ಕಿವಿ ಬಿಸಿಯಾಯಿತು, ಸೆರಂಗೂನ್ ಬಂತು, ಮತ್ತೆ ಸಂದಿ 
ಜೋಪಾನ, ಮತ್ತೆ ತಮಿಳಿನ ಳ, ಎಸ್ಕಲೇಟರು, ಮಾಲಿನ ತಣ್ಣನೆ ಗಾಳಿ, ಬ್ರೆಡ್ಡಿನ ವಾಸನೆ, ಹೊರಗೆ ಬಿಸಿಲು, ಓವರ್‌ಹೆಡ್ ಸೇತುವೆ, ಕಾಂಡೋದ ಗಾರ್ಡಿನ ಮುಂದೆ ಹೆಸರು ಹೇಳಿದ್ದು, ಈಜುಕೊಳದ ಪಕ್ಕ ನಡೆದದ್ದು, ಇದೆಲ್ಲವನ್ನೂ ಅವಳ ಕಾಲು ಮಾಡಿತು, ಅವಳು ಮಾತ್ರ ಇನ್ನೂ ರೈಲಿನಲ್ಲೇ ಇದ್ದಳು, ಐ ಆಲ್ಸೋ ನಾಟ್ ಆಂಗ್ರಿ, ಆಗು ಕಂದಾ, ಸಿಟ್ಟಾಗು, ನಿನಗೆ ಸಿಟ್ಟು ಬಾರದಿದ್ದರೆ ನನಗೆ ಬರುತ್ತದೆ.

ಫಂಕ್ಷನ್ ರೂಮಿನಲ್ಲಿ ಮಕ್ಕಳು ಜಮಖಾನದ ಮೇಲೆ, ದೊಡ್ಡವರು ಕುರ್ಚಿಯ ಮೇಲೆ, ಒಂದು ಮೂಲೆಯಲ್ಲಿ ಕೌಸಲ್ಯಾ ಆಂಟಿಯ ಪುಳಿಯೋಗರೆಯ ಪಾತ್ರೆ, ಗೋಡೆಗೆ ತಂದು ತೂಗುಹಾಕಿದ ಸೀಳಿದ ತಲೆ, ಕೆಂಪು ಬಾಣ, ಅಂಕಲ್ ಬಿಳಿ ಶರ್ಟಿನಲ್ಲಿ ನಿಂತು, ಮಕ್ಕಳೇ, ಶ್ರೀವಿದ್ಯಾ ಆಂಟಿ ನಿಮಗೋಸ್ಕರ ಒಂದು ಅಜ್ಜಿ ಕಥೆ ಬರೆದಿದ್ದಾರೆ, ಹಳ್ಳಿಯಲ್ಲಿ ಅಜ್ಜಿ, ಎಲ್ಲಾ ಹೇಳಿ ಹಳ್ಳಿ, ಹಳ್ಳೀ ಅಂತ ಕೂಗಿದರು ಮಕ್ಕಳು, ಧೃತಿಯ ತುಟಿ ಅಲ್ಲಾಡಲಿಲ್ಲ, ಶ್ರೀವಿದ್ಯಾಳ ಕೈ ಚೀಲಕ್ಕೆ ಹೋಯಿತು, ಪಿನ್ನು ತಗುಲಿತು, ದಾಟಿತು, ಬಟ್ಟೆ ತಗುಲಿತು, ಎಳೆಯಿತು, ಗಿಣಿಹಸಿರು ಹೊರಗೆ ಬಂತು. ನನ್ನ ಅಜ್ಜಿ ಹಲ್ಲಿಯಲ್ಲಿದ್ದಾಳೆ. ಅದಲ್ಲಮ್ಮ ಶ್ರೀವಿದ್ಯಾ, ಇನ್ನೊಂದು, ಅಂದರು ಅಂಕಲ್ ಮೆಲ್ಲಗೆ, ಮರೆತು ತಂದಳೇನೋ ಅನ್ನುವ ಹಾಗೆ, ಇದೇ ಅಂಕಲ್, ಅಂದಳು, ಪುಟ ತಿರುಗಿಸಿದಳು, ಮಕ್ಕಳು ಉಸಿರು ಬಿಗಿಹಿಡಿದರು, ಬೆಳಕಿಗೆ ಹಿಡಿದ ಹೊಟ್ಟೆ, ಒಳಗೆ ಕಾಲು ಚಾಚಿದ ಅಜ್ಜಿ, ಬಾಲದಲ್ಲಿ ಅಡುಗೆಮನೆ, ಆಂಟೀ ಬಾತ್‌ರೂಮ್ ಎಲ್ಲಿ, ನೀಲ್ ಕೇಳಿದ, ಗೋಡೆ ಮೇಲೆ ಕಪ್ಪಗೆ ಬಿದ್ದಿರುತ್ತಲ್ಲ ತುದಿಗೆ ಬಿಳಿ ಚುಕ್ಕೆ, ಅದೇನು ಅಂದ್ಕೊಂಡೆ, ಈ ಸಲದ ನಗು ಬೇರೆ, ಈ ನಗು ಯಾರ ಮೇಲೂ ಬೀಳಲಿಲ್ಲ, ಛಾವಣಿಗೆ ಹೋಯಿತು, ಬಾಲ ತುಂಡಾದಾಗ ಇಶಿತಾ ಅಯ್ಯೋ ಸಾಂಬಾರ್ ಚೆಲ್ಲೋಯ್ತು ಅಂದಳು, ಮೋಟು ಬಾಲದ ಪುಟಕ್ಕೆ ಎಲ್ಲರೂ ಮುಂದಕ್ಕೆ ಜರುಗಿ ನೋಡಿದರು, ಹೊಲಿಗೆಯ ಪುಸ್ತಕ, ಎಲ್ಲಿ ತೆರೆದರೂ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತದೆ, ಅಂಗೈಯ ಹಾಗೆ.

ಮುಗಿದಾಗ ಅಂಕಲ್ ಎದ್ದರು, ದನಿ ಏರಿಸಲಿಲ್ಲ, ಕಥೆ ಚೆನ್ನಾಗಿದೆಯಮ್ಮ, ನಾನೂ ನಕ್ಕೆ, ಆದ್ರೆ ಈ ಮಕ್ಕಳಿಗೆ ವಾರಕ್ಕೆ ಒಂದೇ ಗಂಟೆ ಕನ್ನಡ, ಆ ಒಂದು ಗಂಟೇಲಿ ತಪ್ಪು ಕಲಿಸೋಕಾಗಲ್ಲ, ಅವರ ಕಣ್ಣಲ್ಲಿ ನಿಜವಾದ ಸಂಕಟವಿತ್ತು, ಅದು ಕಂಡಿತು ಅವಳಿಗೆ, ಕಂಡರೂ ಅವಳು ಕೂರಲಿಲ್ಲ, ಅಂಕಲ್, ಆರು ಆದ್ಮೇಲೆ ಎಷ್ಟು, ಏನಮ್ಮ ಇದು, ಹೇಳಿ ಅಂಕಲ್, ಏಳು, ಅದರಲ್ಲಿರೋದು ಯಾವ ಅಕ್ಷರ, ಳ ಅಂದರು ಅವರು, ಹಳಗನ್ನಡದಲ್ಲಿ ಅಲ್ಲಿ ೞ ಇತ್ತು ಅಂಕಲ್, ಅದರ ದನಿಯೇ ಬೇರೆ, ಬಾಳೆಯಲ್ಲಿ, ಕೋಳಿಯಲ್ಲಿ ಎಲ್ಲ ಅದೇ ಇತ್ತು, ಈಗ ನಮ್ಮ ಯಾರ ನಾಲಿಗೇಲೂ ಇಲ್ಲ, ನಿಮ್ಮ ಚಾರ್ಟಿನಲ್ಲೂ ಇಲ್ಲ, ಮೊದಲು ತಪ್ಪಿದ ಮಗುವನ್ನ ನಿಲ್ಲಿಸಿ ಎಲ್ಲರೂ ನಕ್ಕಿರ್ತಾರೆ, ಈಗ ಆ ತಪ್ಪೇ ನಿಮ್ಮ ಶುದ್ಧ ಕನ್ನಡ, ಪ್ರಕಾಶ ಹಿಂದಿನಿಂದ ಸಿಳ್ಳೆ ಹಾಕಿದ, ಅಂಕಲ್‌ರ ಮುಖದಲ್ಲಿ ನಗು ಬಂದು ಹೋಯಿತು, ಅದು ನೂರಾರು ವರ್ಷದಲ್ಲಿ ಆಗಿದ್ದಮ್ಮ, ಒಂದು ಶನಿವಾರದಲ್ಲಿ ಅಲ್ಲ, ಒಂದಲ್ಲ ಒಂದು ಶನಿವಾರ ಶುರುವಾಗಿರಬೇಕಲ್ಲ ಅಂಕಲ್, ನಾನು ಳ ಬೇಡ ಅಂತಿಲ್ಲ, ನೀವು ಕಲಿಸಿ, ನಾನೂ ಮಡಚಿಸ್ತೀನಿ ನಾಲಿಗೆ, ಆದ್ರೆ ಅದು ಬರೋವರೆಗೂ ಮಗು ಬಾಯಿ ಮುಚ್ಕೊಂಡಿರಬೇಕಾ, ತಪ್ಪನ್ನ ಹೊಟ್ಟೆಗೆ ಹಾಕ್ಕೋ ಅಂತ ನಮ್ಮ ದೊಡ್ಡೋರೇ ಹೇಳಿಕೊಟ್ಟಿದ್ದು, ಈ ಹಲ್ಲಿ ಮಾಡಿರೋದೂ ಅಷ್ಟೇ. ಅಂಕಲ್ ಪುಸ್ತಕದ ಬಟ್ಟೆಯ ಮೇಲೆ ಬೆರಳಾಡಿಸಿದರು, ಕ್ಲಾಸಿನ ಹೆಸರಲ್ಲಿ ಇದನ್ನ ಪ್ರಿಂಟ್ ಮಾಡೋಕಾಗಲ್ಲ ಶ್ರೀವಿದ್ಯಾ, ನನ್ನ ಮನಸ್ಸು ಒಪ್ಪಲ್ಲ, ಬೇಡ ಅಂಕಲ್, ಪ್ರಿಂಟು ಬೇಡ, ಯಾರಿಗೆ ಬೇಕೋ ನಮ್ಮನೆಗೆ ಬರಲಿ, ಹಾಳೆ ಕೊಡ್ತೀನಿ, ದಬ್ಬಣ ಕೊಡ್ತೀನಿ, ಅವರವರ ಹಲ್ಲಿ ಅವರವರೇ ಹೊಲ್ಕೊಳ್ಳಲಿ, ಅಂದಳು, ಹೋಯಿತು, ಮುಖಪುಟ ಹೋಯಿತು, ದಪ್ಪಕ್ಷರ ಹೋಯಿತು, ಹೋಗಲಿ.

ಅವಳ ಕೈಯಿಂದ ಯಾರೋ ಪುಸ್ತಕ ಎಳೆದುಕೊಳ್ಳುತ್ತಿದ್ದಾರೆ, ಜಮಖಾನದಿಂದ ಎದ್ದು ಬಂದಿದ್ದಾಳೆ, ಧೃತಿ, ಪುಸ್ತಕವನ್ನು ಹೊಟ್ಟೆಗೆ ಆನಿಸಿ ಮೊದಲ ಪುಟ ತೆರೆದಿದ್ದಾಳೆ, ಯಾರೂ ಓದು ಅನ್ನಲಿಲ್ಲ, ಯಾರೂ ಬೇಡ ಅನ್ನಲಿಲ್ಲ, ನನ್ನ, ಅಂದಳು, ದನಿ ಒರಟಾಗಿದೆ, ಬಹಳ ದಿನ ತೆರೆಯದ ಬಾಗಿಲಿನ ಹಾಗೆ, ಅಜ್ಜಿ, ಅಂದಳು, ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದಾರೆ, ಅಂಕಲ್ ಕನ್ನಡಕ ಮೇಲೇರಿಸಿ ಮುಂದಕ್ಕೆ ಬಾಗಿದ್ದಾರೆ, ಅವರ ತುಟಿಯೂ ತಮಗರಿವಿಲ್ಲದೆ ಅರ್ಧ ತೆರೆದಿದೆ, ಹ, ಅಂದಳು ಧೃತಿ, ಬಾಯಿ ತೆರೆದೇ ಇದೆ, ಮುಂದಿನದು ಬರಬೇಕು, ಹಿಂದಕ್ಕೆ ಮಡಚಿಕೊಳ್ಳುತ್ತದೋ, ಮುಂದೆ ಹೋಗಿ ಹಲ್ಲಿಗೆ ತಾಗುತ್ತದೋ, ಯಾವುದಾದರೂ ಆಗಲಿ, ಯಾವುದಾದರೂ ಸರಿ, ಶ್ರೀವಿದ್ಯಾಳ ಕಿವಿ ಮೊದಲ ಸಲ ಅಕ್ಷರವನ್ನು ಹೆಕ್ಕುತ್ತಿಲ್ಲ, ಅವಳು ಕೇಳುತ್ತಲೂ ಇಲ್ಲ, ನೋಡುತ್ತಿದ್ದಾಳೆ, ತೆರೆದ ಬಾಯಿ, ಒಳಗೆ ಎಳೆಗೆಂಪು ನಾಲಿಗೆ, ತುದಿ ಮೇಲೆದ್ದಿದೆ, ಒದ್ದೆಯಾಗಿ ಹೊಳೆಯುತ್ತಿದೆ, ನಡುಗುತ್ತಿಲ್ಲ, ಮೇಲೆದ್ದಿದೆ, ಇನ್ನೂ ಎಲ್ಲಿಯೂ ತಾಗಿಲ್ಲ, ಮೇಲೆದ್ದಿದೆ —